ಒಂದ ರಿಂಗು

ಉಮದಿಯಿಂದ ಜತ್ತಕ್ಕ ಮುಂಜಾನಿ ಏಳರ ಎಸ್‌ಟಿ ಬಸ್ಸು.
ತೊಡಿ ಮ್ಯಾಲ ನೀಲಿ ಡಬ್ಬಿ, ಡಬ್ಬಿಯೊಳಗ ಐಸು,
ಐಸಿನ ನಡುವ ಮೂರು ಮಂದಿಯ ಕಫ.
ಕುಲ್ಫಿ ಏನು ಬಾಯಿ, ಕಂಡಕ್ಟರ್ ಮರಾಠಿಯೊಳಗ ಕೇಳತಾನ.
ನಾನು ಕನ್ನಡದಾಗ ನಗತೀನಿ,
ಮರಾಠಿಯೊಳಗ ನಗೂದು ಇನ್ನೂ ಬಂದಿಲ್ಲ.

ಕಾರ್ಡು ಮರಾಠಿ, ಗುಳಿಗಿ ಪಾಕೀಟು ಇಂಗ್ಲೀಷು.
ಕೆಮ್ಮಿ ಮುಗಿದ ಮ್ಯಾಲ ಎಲ್ಲಾರೂ ಅನ್ನೂದು
ಯಪ್ಪಾ ಅಂತ.

ಶಿದರಾಯನ ಕಾರ್ಡಿನ ಮೂಲ್ಯಾಗ ಸಣ್ಣದೊಂದು ಗುರ್ತು,
ಪೆನ್ಸಿಲ್ಲಿಂದು,
ಯಾರರೆ ಅಳಿಸಿದರ ಅಳಸಲಿ ಅನ್ನೂ ಹಂಗ.
ಎರಡನೇ ಬ್ಯಾನಿ. ಅದರ ಹೆಸರು ಆಫೀಸಿನಾಗ ಸುದ್ದಾ
ಮೂರ ಅಕ್ಷರದಾಗ, ಅದೂ ಫ್ಯಾನಿನ ಸಪ್ಪಳದಾಗ ಹೇಳತೀವಿ.
ಮೊದಲ ಟೆಂಪೋ ಹೊಡೀತಿದ್ದ,
ದ್ರಾಕ್ಷಿ ತುಂಬಿ ವಾಶಿ ಮಾರ್ಕೆಟ್ಟಿಗೆ.
ಹೆಂಡತಿ ಲಗಮವ್ವನ ಕಾರ್ಡೂ ನಾನ ಬರದಿದ್ದೆ:
ಹದಿನಾರು ಟಿಕ್ಕು, ಮುಂದಿನ ಮನಿಗಳು ಖಾಲಿ.
ಈಗ ಸಂಖದ ಹಾದಿಗೆ ಬೇದಾಣಿ ಶೆಡ್ಡು ಕಾಯತಾನ.
ಊರಾಗ ಮಲಗಾಕ ಜಾಗಾ ಅಂವ ಕೇಳಲಿಲ್ಲ,
ಊರೂ ಬಾ ಅನ್ನಲಿಲ್ಲ.

ಆವಾಗ ಹೊಸ ನಮೂನಿ ಪಾಕೀಟು ಬಂದವು.
ಗುಳಿಗಿ ಒಡದು ತಗದರ ಅದರ ಹಿಂದ ಒಂದು ಫೋನ್ ನಂಬರು.
ನುಂಗಬೇಕು, ಆ ನಂಬರಿಗೆ ಹಚ್ಚಬೇಕು.
ಒಂದ ರಿಂಗು. ಯಾರೂ ಎತ್ತೂದಿಲ್ಲ, ದುಡ್ಡೂ ಹತ್ತೂದಿಲ್ಲ,
ಜತ್ತದ ಕಂಪ್ಯೂಟರಿನಾಗ ಆ ದಿನ ಹಸಿರಾಗತದ.

ಶಿದರಾಯನ ಸಾಲು ಏನು ಹಸಿರು ಅಂತೀರಿ!
ಏಳೂ ಹತ್ತು, ಏಳೂ ಹನ್ನೊಂದು, ಮತ್ತ ಏಳೂ ಹತ್ತು.
ಯುಗಾದಿ ದಿನಾ ಸುದ್ದಾ ತಪ್ಪಿಲ್ಲ.
ಸಾಹೇಬರು ಮೀಟಿಂಗಿನಾಗ ಅದನ್ನ ಗ್ವಾಡಿ ಮ್ಯಾಲ ಬಿಟ್ಟು ತೋರಿಸಿದರು,
ಇಂಥಾ ಪೇಶಂಟ್ ಬೇಕು ಅಂದರು.
ನಾನೂ ಚಪ್ಪಾಳಿ ಹೊಡದೆ.

ಎರಡನೇ ತಿಂಗಳ ಕಫ ಮತ್ತ ಪಾಸಿಟಿವ್.
ತೂಕ ಮೂವತ್ತೆಂಟು.

ಶೆಡ್ಡಿಗೆ ಹೋದೆ. ಗಂಧಕದ ವಾಸನಿ,
ಜಾಳಿಗಿ ಮ್ಯಾಲ ಜಾಳಿಗಿ, ಸುಕ್ಕಾಗಾಕ ಹತ್ತಿದ ದ್ರಾಕ್ಷಿ.
ಅಂವ ನೀರು ತರಾಕ ಹೋದಾಗ
ಮೂಲ್ಯಾಗಿನ ಡಬ್ಬಿಗೆ ಕೈ ಹಾಕಿದೆ, ಹಸಿವಿ ಆಗಿತ್ತು,
ಒಂದು ಕಂದು ಬೇದಾಣಿ ಬಾಯಾಗ ಒಗದು ಕಚ್ಚಿದೆ.
ಬೇದಾಣಿ ಅಲ್ಲ.
ಬೆರಳು ಆಡಿಸಿದೆ. ತಳದ ತನಕ ಅವ,
ಅದ ಬಣ್ಣ, ಅದ ಗಾತ್ರ, ಎಪ್ಪತ್ತು ದಿನದ್ದು.

ಹೊಟ್ಟ್ಯಾಗ ನಿಲ್ಲೂದಿಲ್ಲ ಅಕ್ಕಾ, ಅಂದ.
ಆ ಬ್ಯಾನಿವೂ ಕೂಡಿ ಏಳು. ಖಾಲಿ ಹೊಟ್ಟಿ.
ನುಂಗಿದ್ದು ಶೆಡ್ಡಿನ ಹಿಂದ ಹೋಗಿ ಕಾರೂದು,
ನಾಯಿ ಬಂದು ಮೂಸೂದು.

ಮತ್ತ ಫೋನ್ ಯಾಕ ಹಚ್ಚತಿದ್ದಿ?

ಬಾಳ ಹೊತ್ತು ಜಾಳಿಗಿ ನೋಡಿದ.
ದಿನದಾಗ ನಾ ಹಚ್ಚೂ ನಂಬರು ಅದೊಂದ.
ಕಟ್ ಆಗೂ ಮೊದಲ ಒಂದ ಸಲ ರಿಂಗ್ ಆಗತದ ನೋಡ್ರಿ,
ಎಲ್ಲೋ ಒಂದು ಕಡಿ ಒಂದು ಫೋನು
ನನ್ನ ಸಲುವಾಗಿ ಅಳ್ಳಾಡತದ.

ಬೈಯಾಕ ಬಾಯಿ ತಗದಿದ್ದೆ.
ಬಾಯಾಗ ಇನ್ನೂ ಗುಳಿಗಿಯ ಕಹಿ ಇತ್ತು.

ಮೊದಲಿಂದ ಮತ್ತ. ಹೊಸಾ ಕಾರ್ಡು, ಒಂದನೇ ಮನಿ.
ಗುಳಿಗಿಗಿಂತ ಮೊದಲ ಅರ್ಧ ರೊಟ್ಟಿ ಅಂತ ಬರದೆ;
ರೊಟ್ಟಿ ಕೊಡೂ ಇಲಾಖಿ ಯಾವುದು ಅಂತ ಕಾರ್ಡಿನಾಗ ಇರಲಿಲ್ಲ,
ನನ್ನ ಬುತ್ತಿ ಬಿಚ್ಚಿದೆ.
ಶೆಡ್ಡಿನ ಕಂಬದ ಮ್ಯಾಲ ಇದ್ದಲಿಲೆ ನನ್ನ ನಂಬರು ಗೀಚಿದೆ:
ನುಂಗಿದರ ಹಚ್ಚು.
ನುಂಗದಿದ್ದರೂ ಹಚ್ಚು.

ಇವತ್ತು ಡಬ್ಬಿಯಾಗ ಐದು. ಬಸ್ಸು ನಾಕಾ ದಾಟಿತ್ತು,
ಏಳೂ ಹತ್ತಕ್ಕ ಸೊಂಟದಾಗ ಫೋನು ಅಳ್ಳಾಡಿತು.
ಎತ್ತಿದೆ.
ಆ ಕಡಿ ಮಾತಿಲ್ಲ.
ಯಾರರೆ ಎತ್ತತಾರ ಅನ್ನೂ ರೂಢಿ ಅವಗ ತಪ್ಪಿ ಹೋಗ್ಯಾದ.
ಆಮ್ಯಾಲ ಒಂದು ಕೆಮ್ಮು, ಆಳದ್ದು.
ಡಬ್ಬಿ ಒಂದು ಕೈಯಾಗ ಒತ್ತಿ ಹಿಡದು
ಹೇಳು, ಅಂದೆ.